ಹನ್ನೊಂದು ದಿನದ ಬಾಣಂತಿ ಹೊಸ್ತಿಲು ದಾಟಿದ್ದು

ಬ್ಯಾಡಗಿಯಲ್ಲಿ ಯಾರು ಕೆಮ್ಮಿದರೂ ಅಪವಾದ ಮೆಣಸಿನಕಾಯಿಯ ಮೇಲೆಯೇ ಬರುತ್ತದೆ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ಮೊದಲಲ್ಲಿ, ಚೊಚ್ಚಲ ಹೆರಿಗೆಯಾಗಿ ತವರುಮನೆಯ ಹಿಂದಿನ ಖೋಲಿಯಲ್ಲಿ ಮಲಗಿದ್ದ ನನಗೆ ಉಸಿರು ಸಿಕ್ಕಿಕೊಂಡಾಗಲೂ ಮನೆಯವರೆಲ್ಲ ಅದನ್ನೇ ಹೇಳಿದರು. "ಮಾರ್ಕೆಟ್ಟಿನ್ಯಾಗ ಮಾಲು ಬಂದೈತಿ, ಘಾಟು ಎದ್ದೈತಿ," ಅಂದರು. ಘಾಟು ಎದ್ದದ್ದು ಖರೆ. ಆದರೆ ನನ್ನ ಎದೆಯೊಳಗೆ ಇದ್ದದ್ದು ಘಾಟಲ್ಲ, ನನ್ನದೇ ರಕ್ತದ ಗಟ್ಟಿ ತುಂಡು. ಅದನ್ನು ಕಾಲಿನಿಂದ ಎದೆಯವರೆಗೆ ತಿಕ್ಕಿ ತಿಕ್ಕಿ ಕಳಿಸಿಕೊಟ್ಟದ್ದು ನನ್ನ ಬಳಗ.

ಆಗ ನಾನು ರಾಣೇಬೆನ್ನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಡಯಲ್ ಇಲ್ಲದ ಕರೀ ಫೋನು ಎತ್ತಿದರೆ "ನಂಬರ್ ಪ್ಲೀಸ್" ಅನ್ನುವ ಧ್ವನಿ ಕೇಳುತ್ತಿತ್ತಲ್ಲ, ಅಂಥ ಧ್ವನಿಗಳಲ್ಲಿ ಒಂದು ನನ್ನದು. ಮನೆ ಹಾವೇರಿಯಲ್ಲಿ. ಗಂಡ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಾನು ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ನಡುವೆ ಬ್ಯಾಡಗಿ ಸ್ಟೇಷನ್ನು ಬಂದಾಗೆಲ್ಲ ಜೊತೆಯಲ್ಲಿದ್ದವರಿಗೆ "ನಮ್ಮ ತವರುಮನಿ ಇಲ್ಲೇ" ಎಂದು ಕಿಟಕಿಯಾಚೆ ಕೈ ಮಾಡುವ ಚಟ ನನಗಿತ್ತು. ಸ್ಟೇಷನ್ನಿನಿಂದ ಆ ಮನೆ ಕಾಣುತ್ತಿರಲಿಲ್ಲ. ಆದರೂ ತೋರಿಸುತ್ತಿದ್ದೆ. ಹಿತ್ತಾಳೆಯ ಗುಬ್ಬಿಮೊಳೆ ಬಡಿದ ತಲಬಾಗಿಲು, ಅಣ್ಣನ ಮೆಣಸಿನಕಾಯಿ ದಲಾಲಿ ಅಂಗಡಿ, ಪಡಸಾಲೆಯಲ್ಲಿ ಫೋನು, ಹಬ್ಬಕ್ಕೆ ನೂರು ಎಲೆ ಹಾಕುವ ಅಡುಗೆಮನೆ. ಇದನ್ನೆಲ್ಲ ನಾನೇ ಗಳಿಸಿದ್ದೇನೋ ಅನ್ನುವ ಹಾಗೆ ಹೇಳಿಕೊಳ್ಳುತ್ತಿದ್ದೆ. ಈಗ ನೆನೆದರೆ ಆ ಕಿಟಕಿಯ ಬಳಿ ಕುಳಿತ ಹೆಂಗಸಿಗೆ ಎರಡು ಏಟು ಹಾಕಬೇಕು ಅನ್ನಿಸುತ್ತದೆ.

ಎಕ್ಸ್‌ಚೇಂಜಿನಲ್ಲಿ ನನಗೆ ಇಬ್ಬರು ಗೆಳತಿಯರಿದ್ದರು. ಅಥವಾ ಒಬ್ಬಳು ಗೆಳತಿ, ಇನ್ನೊಬ್ಬರು ಪಕ್ಕದ ಕುರ್ಚಿಯವರು ಎಂದು ನಾನು ಆಗ ತಿಳಿದಿದ್ದೆ. ಗೆಳತಿ ಅಗಡಿಯಾಕಿ. ನನ್ನ ವಯಸ್ಸಿನವಳು, ಮದುವೆಯಾಗಿರಲಿಲ್ಲ, ಅಗಡಿಯಿಂದ ಹಾವೇರಿಗೆ ಬಂದು ನನ್ನ ಜೊತೆ ರೈಲು ಹತ್ತುತ್ತಿದ್ದಳು. ಮೆಲ್ಲಗೆ ಮಾತಾಡುತ್ತಿದ್ದಳು. ಪಕ್ಕದ ಕುರ್ಚಿಯವರು ಗುತ್ತಲದಾಕಿ. ನನಗಿಂತ ಹತ್ತು ವರ್ಷ ದೊಡ್ಡವರು, ದಪ್ಪ ಮೈ, ಬಾಯಿ ತುಂಬ ಎಲೆಅಡಿಕೆ, ಟ್ರಂಕ್ ಲೈನು ಕೆಟ್ಟರೂ ಹುಬ್ಬಳ್ಳಿಗೆ ಕೇಳಿಸುವಂಥ ಗಂಟಲು. ಗಂಡ ಬಿಟ್ಟು ಹೋಗಿದ್ದ. ರಾಣೇಬೆನ್ನೂರಿನಲ್ಲಿ ಎರಡು ಖೋಲಿಯ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ನನ್ನ ಕುಬಸಕ್ಕೆ, ಅಂದರೆ ಸೀಮಂತದ ಕಾರ್ಯಕ್ಕೆ, ಎಕ್ಸ್‌ಚೇಂಜಿನ ಎಲ್ಲರನ್ನೂ ಕರೆದೆ, ಅವರೊಬ್ಬರನ್ನು ಬಿಟ್ಟು. "ಗಂಡ ಬಿಟ್ಟಾಕಿ ಬಸುರಿ ಮುಂದ ಬರಬಾರದು," ಎಂದು ದೊಡ್ಡವ್ವ ಹೇಳಿದ್ದಳು. ನಾನು ಹೂಂ ಅಂದಿದ್ದೆ. ದೊಡ್ಡವ್ವನ ಮೇಲೆ ನನಗೆ ಎಷ್ಟು ತಾತ್ಸಾರವಿದೆಯೋ ಆ ಹೂಂಕಾರದ ಮೇಲೆ ಅದಕ್ಕಿಂತ ಹೆಚ್ಚಿದೆ.

ದೊಡ್ಡವ್ವ ಅಂದರೆ ನನ್ನ ದೊಡ್ಡಪ್ಪನ ಹೆಂಡತಿ. ನಾನು ಸಣ್ಣವಳಿದ್ದಾಗಲೇ ಅವ್ವ ಅಪ್ಪ ಇಬ್ಬರೂ ತೀರಿಕೊಂಡಿದ್ದರಿಂದ ಆ ಮನೆಯ ಯಜಮಾನಿಕೆ ಅವಳದೇ. ನಲವತ್ತು ಬಾಣಂತನ ಮಾಡಿದ್ದೇನೆ ಎಂಬುದು ಅವಳ ಹೆಮ್ಮೆ. ಅದರಲ್ಲಿ ಎಷ್ಟು ಬಾಣಂತಿಯರು ಎದ್ದು ಓಡಾಡಿದರು ಎಂದು ಯಾರೂ ಕೇಳಿದಂತಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಯಿತು. ಎರಡು ದಿನ ತಿಂದ ನೋವು, ಕೊನೆಗೆ ಹೆಣ್ಣು ಕೂಸು. ಮೂರನೆಯ ದಿನ ಮನೆಗೆ ತಂದು ಹೊರಸಿನ ಮೇಲೆ ಮಲಗಿಸಿದರು. ಕೆಳಗೆ ಕುಳ್ಳಿನ ಕೆಂಡ, ಕಿವಿಗೆ ಅರಳೆ, ಹೊಟ್ಟೆಗೆ ಬಿಗಿದ ಸೀರೆ, ಕಿಟಕಿಗೆ ಗೋಣಿಚೀಲ. ಕುಡಿಯಲು ನೀರು ಕೇಳಿದರೆ ಎರಡು ಗುಟುಕು. ಕಾಲು ಕೆಳಗಿಟ್ಟರೆ ಬೈಗುಳ. "ನೆಲದ ಥಂಡಿ ಬಸಿರಿಗೆ ಹತ್ತತೈತಿ, ಬಿದ್ಕೊ." ನಾನು ಬಿದ್ದುಕೊಂಡೆ. ಆರು ವರ್ಷ ಸರಕಾರಿ ನೌಕರಿ ಮಾಡಿದ ಹೆಂಗಸು, ಹತ್ತೂರಿನ ಲೈನು ಎರಡು ಕೈಯಲ್ಲಿ ನಿಭಾಯಿಸಿದವಳು, ಮಾತಿಲ್ಲದೆ ಬಿದ್ದುಕೊಂಡೆ.

ಏಳನೆಯ ದಿನ ಎಡಗಾಲು ಭಾರವಾಯಿತು. ಎಂಟನೆಯ ದಿನ ಮೀನಖಂಡ ಕಲ್ಲಾಯಿತು. ಎಣ್ಣೆ ಹಚ್ಚಿ ಎರೆಯಲು ಬರುತ್ತಿದ್ದ ಮುದುಕಿ ಕಾಲು ಮುಟ್ಟಿದವಳೇ ಕೈ ಹಿಂದೆ ತೆಗೆದಳು.

"ಯಜಮಾನತಿಯವರ, ಈ ಕಾಲು ನನಗ ಚಲೋ ಕಾಣವಲ್ದರಿ. ಕಾಯ್ದೈತಿ, ಬಾತೈತಿ. ಇದರ ಮ್ಯಾಲ ನಾ ಕೈ ಆಡ್ಸಂಗಿಲ್ಲ. ಡಾಕ್ಟರಿಗೆ ತೋರ್ಸ್ರಿ."

ಅಕ್ಷರ ಬಾರದ ಮುದುಕಿ. ಅವಳ ಬೆರಳಿಗೆ ತಿಳಿದದ್ದು ಆ ಇಡೀ ಮನೆಗೆ ತಿಳಿಯಲಿಲ್ಲ.

"ನಲವತ್ತು ಬಾಣಂತನ ಮಾಡೇನಿ," ಅಂದಳು ದೊಡ್ಡವ್ವ. "ನೀ ನನಗ ಹೇಳಾಕ ಬಂದಿ? ಕಾಲಾಗ ಗಾಳಿ ಹೊಕ್ಕೈತಿ. ತಿಕ್ಕಿ ಇಳಸಬೇಕು. ನಿನಗ ಕೈಯಾಗ ಕಸುವಿಲ್ಲಂದ್ರ ಬಿಡು, ನಾ ತಿಕ್ಕತೇನಿ."

ಮೂರು ದಿನ ಅವಳೇ ತಿಕ್ಕಿದಳು. ಹರಳೆಣ್ಣೆ ಕಾಯಿಸಿ, ಹಿಮ್ಮಡಿಯಿಂದ ತೊಡೆಯವರೆಗೆ, ಮೊಣಕಾಲೂರಿ, ಮೈಯ ಭಾರವನ್ನೆಲ್ಲ ಅಂಗೈಗೆ ಹಾಕಿ. ನಾನು ಚೀರಿದರೆ, "ಚೀರು, ಚೀರಿದಷ್ಟು ಗಾಳಿ ಹೊರಗ ಹೋಗ್ತೈತಿ," ಅನ್ನುತ್ತಿದ್ದಳು. ಅವಳಿಗೆ ನನ್ನ ಮೇಲೆ ಪ್ರೀತಿ ಇತ್ತು ಎಂದು ಜನ ಈಗಲೂ ಹೇಳುತ್ತಾರೆ. ಇದ್ದಿರಬಹುದು. ಆ ಪ್ರೀತಿಯ ಗುರುತು ನನ್ನ ಕಾಲ ಮೇಲೆ ಇನ್ನೂ ಇದೆ.

ಹತ್ತನೆಯ ದಿನ ಭಾನುವಾರ. ಅಂದು ಮೂವರು ಬಂದರು. ಮೊದಲು ಗಂಡ, ಹಾವೇರಿಯಿಂದ, ಒಂದು ಬಿಸ್ಕೀಟಿನ ಪುಡಕೆ ಹಿಡಿದುಕೊಂಡು. ಪಡಸಾಲೆಯಲ್ಲಿ ಅಳಿಯನ ಮರ್ಯಾದೆಗೆ ಹಾಸಿದ ಜಮಖಾನೆಯ ಮೇಲೆ ಕುಳಿತು ಅವಲಕ್ಕಿ ತಿಂದ. ಖೋಲಿಯ ಬಾಗಿಲಲ್ಲಿ ನಿಂತು ಕೂಸನ್ನು ನೋಡಿದ. ನಾನು ಹೊದಿಕೆ ಸರಿಸಿ ಕಾಲು ತೋರಿಸಿದೆ. "ದೊಡ್ಡವ್ವಾರು ನೋಡ್ಯಾರಲ?" ಅಂದ. ಎಂಟನೆಯ ಇಯತ್ತೆಯ ಮಕ್ಕಳಿಗೆ ಕರಿಹಲಗೆಯ ಮೇಲೆ ಹೃದಯದ ಚಿತ್ರ ಬರೆದು, ಅಶುದ್ಧ ರಕ್ತ ನೀಲಿ ಸೀಮೆಸುಣ್ಣ, ಶುದ್ಧ ರಕ್ತ ಕೆಂಪು ಸೀಮೆಸುಣ್ಣ ಎಂದು ಬಾಣ ಹಾಕಿ ತೋರಿಸುವ ಮನುಷ್ಯ. ಹೆಂಡತಿಯ ಕಾಲು ನೀಲಿಯಾಗಿದ್ದು ಅವನಿಗೆ ಪಾಠದ ಹೊರಗಿನ ವಿಷಯವಾಗಿ ಕಂಡಿತು. ಎರಡು ಗಂಟೆಯ ಬಸ್ಸಿಗೆ ಹೊರಟು ಹೋದ.

ಆಮೇಲೆ ಅಗಡಿಯಾಕಿ ಮತ್ತು ಗುತ್ತಲದಾಕಿ ಬಂದರು. ಗುತ್ತಲದಾಕಿ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅವರು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಲಿಲ್ಲ. ದೂರ ನಿಂತೇ ನೋಡಿದರು, ತಮ್ಮನ್ನು ಯಾಕೆ ದೂರ ಇಡುತ್ತಾರೆಂದು ಗೊತ್ತಿದ್ದವರ ಹಾಗೆ. ಬಳಿಕ ನನ್ನ ಕಡೆ ತಿರುಗಿದರು. ಹೊದಿಕೆ ಸರಿದಿತ್ತು.

"ಏ ತಂಗಿ, ಈ ಕಾಲು ನಿಂದು. ಆ ಕಾಲು ಯಾರದು?"

ಅಗಡಿಯಾಕಿ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಗುತ್ತಲದಾಕಿ ಅಡುಗೆಮನೆಗೆ ಹೋಗಿ ದೊಡ್ಡವ್ವನಿಗೆ ಡಾಕ್ಟರನ್ನು ಕರೆಸಲು ಹೇಳಿದರು. ದೊಡ್ಡವ್ವನ ಉತ್ತರ ನನಗೆ ಖೋಲಿಯಲ್ಲಿ ಕೇಳಿಸಿತು.

"ನೀವು ಎಷ್ಟು ಹಡದೀರಿ?"

ಗುತ್ತಲದಾಕಿ ಖೋಲಿಗೆ ಮರಳಿ ಬಂದರು. ಹೊರಡುವಾಗ ನನ್ನ ಹತ್ತಿರ ಬಗ್ಗಿ, "ನಿಮ್ಮನಿಯಾಗ ಫೋನ್ ಐತಲ? ಏನರ ಹೆಚ್ಚುಕಡಿಮಿ ಆದ್ರ ಎತ್ತು. ನಂಬರ್ ಹೇಳೂದು ಬ್ಯಾಡ, ನನ್ನ ಹೆಸರು ಹೇಳು," ಅಂದರು.

ಮರುದಿನ ಬೆಳಿಗ್ಗೆ, ಕೂಸಿಗೆ ಹಾಲು ಕುಡಿಸಿ ಮಗ್ಗುಲಾಗುವಾಗ, ಬಲ ಪಕ್ಕೆಯಲ್ಲಿ ಯಾರೋ ಕುಡಗೋಲು ಹಾಕಿ ಎಳೆದಂತಾಯಿತು. ಉಸಿರು ಒಳಗೆ ಹೋಗಲಿಲ್ಲ. ಅರ್ಧ ಹೋಗಿ ಅಲ್ಲೇ ನಿಂತಿತು. ಕೆಮ್ಮಿದೆ. ಸೆರಗಿಗೆ ತುಸು ರಕ್ತ ಬಂತು. ಮೈಯೆಲ್ಲ ತಣ್ಣಗೆ ಬೆವರಿ, ನಾನು ಸಾಯುತ್ತಿದ್ದೇನೆ ಎಂಬುದು ಅನುಮಾನವೇ ಇಲ್ಲದೆ ತಿಳಿಯಿತು. ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ಇವರ ಕೈಯಲ್ಲಿ ಸಾಯಬೇಕೇ, ಈ ಗೋಣಿಚೀಲದ ಖೋಲಿಯಲ್ಲಿ?

ಅಣ್ಣ ತನ್ನ ಪರಿಚಯದ ಒಬ್ಬ ವೈದ್ಯರನ್ನು ಕರೆಸಿದ. ಅವರು ನಿಂತ ನಿಲುವಿನಲ್ಲೇ ನಾಡಿ ಹಿಡಿದು, "ಬಾಣಂತಿ ವಾಯು, ಮ್ಯಾಲೆ ಮೆಣಸಿನಕಾಯಿ ಘಾಟು," ಎಂದು ಒಂದು ಸೂಜಿ ಚುಚ್ಚಿ, ಚಹಾ ಕುಡಿದು ಹೋದರು. ಅಣ್ಣನ ಮುಖದಲ್ಲಿ ನಿರಾಳ ಕಂಡಿತು. ಅವನಿಗೆ ಚಿಂತೆ ಇದ್ದದ್ದು ತೊಟ್ಟಿಲಿನದು. ಎರಡು ದಿನ ಬಿಟ್ಟು ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮಾರ್ಕೆಟ್ಟಿನ ದೊಡ್ಡ ವ್ಯಾಪಾರಸ್ಥರಿಗೆಲ್ಲ ಹೇಳಿಕೆ ಹೋಗಿತ್ತು, ಹಿತ್ತಲಲ್ಲಿ ಒಲೆಗೆ ಗುಂಡಿ ತೋಡಿ ಆಗಿತ್ತು. "ಒಂದೆರಡು ದಿನ ತಡಕೊ ತಂಗೆವ್ವಾ," ಅಂದ. "ತೊಟ್ಟಿಲಾ ಮುಗೀಲಿ, ನಾನs ಹುಬ್ಬಳ್ಳಿಗೆ ಕರಕೊಂಡು ಹೋಗತೇನಿ." ತಂಗಿಯ ಉಸಿರು ಕೂಡ ಮುಹೂರ್ತ ನೋಡಿ ನಡೆಯಬೇಕು ಎಂದು ಅವನು ನಂಬಿದ್ದ.

ಅವರೆಲ್ಲ ಹಿತ್ತಲಿಗೆ ಹೋದಾಗ ನಾನು ಹೊರಸಿನಿಂದ ಇಳಿದೆ. ನಡೆಯಲು ಆಗಲಿಲ್ಲ. ಕುಂಡಿ ಸವರಿಕೊಂಡು, ಎಡಗಾಲು ಎಳೆದುಕೊಂಡು, ಖೋಲಿಯಿಂದ ನಡುಮನೆ, ನಡುಮನೆಯಿಂದ ಪಡಸಾಲೆ. ಹದಿನೈದು ಹೆಜ್ಜೆಯ ದಾರಿ. ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಫೋನಿನ ವಾಯರು ಹಿಡಿದು ಜಗ್ಗಿದೆ. ಅದು ಕೆಳಗೆ ಬಿತ್ತು. ಕಿವಿಗೆ ಹಿಡಿದೆ.

"ನಂಬರ್ ಪ್ಲೀಸ್," ಅಂದಿತು ಬ್ಯಾಡಗಿ ಎಕ್ಸ್‌ಚೇಂಜಿನ ಗಂಡುಧ್ವನಿ.

"ರಾಣೇಬೆನ್ನೂರು," ಅಂದೆ. ಮುಂದಿನ ಉಸಿರು ಹುಡುಕಿಕೊಂಡು ಗುತ್ತಲದಾಕಿಯ ಹೆಸರು ಹೇಳಿದೆ.

ಅದೇ ಧ್ವನಿ, "ರಾಣೇಬೆನ್ನೂರ ಮೇಡಂ ಏನ್ರಿ? ಬಾಣಂತನಕ್ಕ ಬಂದೀರಂತ ಗೊತ್ತಿತ್ತು. ಏನಾತ್ರಿ? ಮಾತಾಡಬ್ಯಾಡ್ರಿ, ಇಡಬ್ಯಾಡ್ರಿ. ಕೊಡತೇನಿ, ಈಗ ಕೊಡತೇನಿ."

ಆರು ವರ್ಷ ಅವನಿಗೆ ನಾನು, ನನಗೆ ಅವನು ಲೈನು ಕೊಟ್ಟುಕೊಂಡಿದ್ದೆವು. ಮುಖ ನೋಡಿರಲಿಲ್ಲ. ನನ್ನ ಮುರಿದ ಉಸಿರಿನೊಳಗೆ ಅವನು ನನ್ನ ಧ್ವನಿಯ ಗುರುತು ಹಿಡಿದ. ರಕ್ತ ಹಂಚಿಕೊಂಡವರು ಅದೇ ಉಸಿರನ್ನು ಘಾಟು ಅಂದಿದ್ದರು.

ಗುತ್ತಲದಾಕಿಯ ಗಂಟಲು ಬಂತು. ನಾನು "ಅಕ್ಕಾ" ಅಂದದ್ದಷ್ಟೇ. "ಬಂದೆ," ಅಂದರು. ಲೈನು ಕಟ್ಟಾಯಿತು.

ಗಂಟೆಯೊಳಗೆ ಬಾಡಿಗೆ ಅಂಬಾಸಿಡರ್ ಕಾರು ಬಾಗಿಲಿಗೆ ಬಂತು. ಒಳಗಿಂದ ಗುತ್ತಲದಾಕಿ, ಅಗಡಿಯಾಕಿ ಇಬ್ಬರೂ ಇಳಿದರು. ಅಷ್ಟರಲ್ಲಿ ಮನೆಯವರು ನನ್ನನ್ನು ಮತ್ತೆ ಹೊರಸಿಗೆ ಹಾಕಿ, ಫೋನು ಬೀಳಿಸಿದ್ದಕ್ಕೆ ಬೈದು ಮುಗಿಸಿದ್ದರು. ದೊಡ್ಡವ್ವ ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಹನ್ನೊಂದು ದಿನದ ಬಾಣಂತಿ ಹೊಸ್ತಿಲಾ ದಾಟಂಗಿಲ್ಲ."

"ಹೆಣ ಆದ್ರ ದಾಟತೈತೇನ್ರಿ?" ಅಂದರು ಗುತ್ತಲದಾಕಿ.

ಅಣ್ಣ ಮುಂದೆ ಬಂದ. "ಬಾಯಾರ, ನೀವು ಹೊರಗಿನವ್ರು. ನಮ್ಮ ಮನಿ ಮರ್ಯಾದಿ ಪ್ರಶ್ನೆ ಐತಿ. ನಾಡ್ದ ತೊಟ್ಟಿಲಾ ಐತಿ. ಮಂದಿ ಏನಂದಾರು?"

"ಮಂದಿ ಏನಂತಾರ ಅನ್ನೂದು ನಾ ಕೇಳಿ ಬಂದಾಕಿ ಇದ್ದೇನ್ರಿ. ನನಗ ಅದರ ಅಂಜಿಕಿ ಇಲ್ಲ. ಸರೀರಿ."

ಅವನು ಸರಿದ. ಜೋರು ಮಾಡಿದರೆ ಸರಿಯುವ ಜಾತಿಯ ಗಂಡಸು ಎಂದು ನನಗೆ ಅಂದೇ ತಿಳಿದದ್ದು. ಬೆತ್ತದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಒಂದು ಕಡೆ ಗುತ್ತಲದಾಕಿ, ಇನ್ನೊಂದು ಕಡೆ ಎಣ್ಣೆ ಹಚ್ಚುವ ಮುದುಕಿ. ಅವಳು ಅಂದು ಕೂಸಿಗೆ ಎರೆಯಲು ಬಂದಿದ್ದಳು, ಯಾರೂ ಕರೆಯದೆ ಬಂದು ಕುರ್ಚಿಗೆ ಕೈ ಹಾಕಿದಳು. ಅಗಡಿಯಾಕಿ ಕೂಸನ್ನು ಎದೆಗವಚಿಕೊಂಡು ಮುಂದೆ ನಡೆದಳು. ಅಂಗಡಿಯ ಆಳುಗಳು, ಅಣ್ಣ, ಅವನ ಇಬ್ಬರು ಪಾಲುದಾರರು ಎರಡೂ ಕಡೆ ನಿಂತು ನೋಡಿದರು. ಐವತ್ತು ಕಿಲೋ ಚೀಲ ಎತ್ತಿ ಎತ್ತಿ ಒಗೆಯುವ ತೋಳುಗಳು ಒಂದೂ ಮುಂದೆ ಬರಲಿಲ್ಲ. ಯಜಮಾನನ ಮುಖ ನೋಡುತ್ತ ನಿಂತಿದ್ದವು.

ರಾಣೇಬೆನ್ನೂರಿನ ಆ ಸಣ್ಣ ನರ್ಸಿಂಗ್ ಹೋಮಿನ ಡಾಕ್ಟರು ಗಿಡ್ಡ ಮನುಷ್ಯ, ಸಿಡುಕ. ಎರಡೂ ಕಾಲಿಗೆ ಟೇಪು ಸುತ್ತಿ ಅಳೆದರು, ಎದೆಗೆ ನಳಿಗೆ ಇಟ್ಟು ಕೇಳಿದರು, ಮೂಗಿಗೆ ಆಕ್ಸಿಜನ್ ಹಾಕಿಸಿದರು. ಆಮೇಲೆ ತಿರುಗಿ ಗುತ್ತಲದಾಕಿಯನ್ನು ಕೇಳಿದರು.

"ಯಾರ್ರೀ ಈ ಕಾಲು ತಿಕ್ಕಿದ್ದು?"

"ನಲವತ್ತು ಬಾಣಂತನ ಮಾಡಿದಾಕಿ."

"ಕಾಲಿನ ನರದಾಗ ರಕ್ತ ಹೆಪ್ಪುಗಟ್ಟೈತಿ. ತಿಕ್ಕಿದ್ದಕ್ಕ ಒಂದು ತುಂಡು ಕಿತ್ತು ಮ್ಯಾಲೆ ಹೋಗಿ ಪುಪ್ಪುಸದಾಗ ಸಿಕ್ಕೈತಿ. ಇನ್ನೊಂದು ಹೋತಂದ್ರ ನನ್ನ ಕೈಯಾಗ ಏನೂ ಇಲ್ಲ. ದಾವಣಗೆರಿಗೆ ಕಳಸಬೇಕು, ಆದ್ರ ಈ ಸ್ಥಿತಿಯಾಗ ಕಾರಿನ್ಯಾಗ ಕುಲುಕಿಸಿದ್ರ ದಾರ್ಯಾಗ ಹೋಗ್ತಾರ. ರಕ್ತ ತೆಳು ಮಾಡೂ ಇಂಜೆಕ್ಷನ್ ಬೇಕು. ನನ್ನ ಹತ್ರ ಸಂಜೀತನಕ ಆಗೂವಷ್ಟು ಐತಿ. ಮುಂದ?"

ಮುಂದಿನದನ್ನು ನಾನು ನೋಡಲಿಲ್ಲ, ಆಮೇಲೆ ಕೇಳಿದ್ದು. ಅಗಡಿಯಾಕಿ ಔಷಧದ ಹೆಸರಿನ ಚೀಟಿ ಹಿಡಿದು ಎಕ್ಸ್‌ಚೇಂಜಿಗೆ ಓಡಿದಳು. ಮೆಲ್ಲಗೆ ಮಾತಾಡುವ ಹುಡುಗಿ ಅಂದು ದಾವಣಗೆರೆ, ಹುಬ್ಬಳ್ಳಿ ಎರಡೂ ಲೈನು ಒಟ್ಟಿಗೆ ಹಿಡಿದು ಒದರಿದಳಂತೆ. ದಾವಣಗೆರೆಯಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯ ಆಪರೇಟರ್ ಹೆಂಗಸೊಬ್ಬಳು ಊರಿನ ಔಷಧದಂಗಡಿಗಳಿಗೆಲ್ಲ ಒಂದೊಂದಾಗಿ ಫೋನು ಹಚ್ಚಿ ಕೇಳಿ, ಸಿಕ್ಕದ್ದನ್ನು ತನ್ನ ತಮ್ಮನ ಕೈಯಲ್ಲಿ ತರಿಸಿ, ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನ ಚರ್ಮದ ಚೀಲಕ್ಕೆ ಹಾಕಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಆ ಬಸ್ಸು ಬಂತು. ಗುತ್ತಲದಾಕಿ ಬಸ್ಸು ನಿಲ್ಲುವ ಮುಂಚೆಯೇ ಬಾಗಿಲಿಗೆ ಕೈ ಹಾಕಿದ್ದರಂತೆ. ಕಂಡಕ್ಟರು, "ಇಳಿಯಾಕ ಬಿಡ್ರಿ ಬಾಯಾರ," ಅಂದದ್ದಕ್ಕೆ, "ಇಳೀಬ್ಯಾಡ, ಕೊಡು," ಅಂದರಂತೆ.

ಹದಿನೆಂಟು ದಿನ ನಾನು ಅಲ್ಲಿದ್ದೆ. ಮೊದಲಿನ ನಾಲ್ಕೈದು ದಿನ ಪ್ರತಿ ಉಸಿರನ್ನೂ ಬಾವಿಯ ನೀರು ಸೇದಿದ ಹಾಗೆ ಸೇದಬೇಕಿತ್ತು. ಅಗಡಿಯಾಕಿ ಕೂಸನ್ನು ತಂದು ಎದೆಗೆ ಹಿಡಿಯುತ್ತಿದ್ದಳು, ತೆಗೆಯುತ್ತಿದ್ದಳು. ಮದುವೆಯಾಗದ ಹುಡುಗಿ ಕೂಸಿಗೆ ಎರೆದು, ಬಟ್ಟೆ ಬದಲಿಸಿ, ಆಸ್ಪತ್ರೆಯ ವರಾಂಡದಲ್ಲಿ ಎತ್ತಿಕೊಂಡು ತಿರುಗಿದರೆ ಅಗಡಿಯ ಜನ ಏನು ಮಾತಾಡಿಕೊಂಡರೋ. ಮಾತಾಡಿಕೊಂಡರು, ಅದು ನನಗೆ ಗೊತ್ತು. ಅವಳು ಒಂದು ದಿನವೂ ಹೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬ್ಯಾಡಗಿಯಿಂದ ನಾಲ್ಕು ಕಟ್ಟಿನ ಬುತ್ತಿ ಡಬ್ಬಿ ಬಂತು. ಅಂಗಡಿಯ ಗುಮಾಸ್ತ ತಂದ. ತೆರೆದರೆ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಕೋಸಂಬರಿ. ಅಂದು ತೊಟ್ಟಿಲಿನ ಕಾರ್ಯ. ಕೂಸಿಲ್ಲ, ಬಾಣಂತಿಯಿಲ್ಲ. ಆದರೂ ಹೇಳಿಕೆ ಕೊಟ್ಟಾಗಿದೆ, ಒಲೆ ಹೂಡಿಯಾಗಿದೆ ಎಂದು ಕಾರ್ಯ ನಿಲ್ಲಿಸಲಿಲ್ಲ. ತೊಟ್ಟಿಲಿಗೆ ಕೂಸಿಗಿಂತ ಮೊದಲು ಒಂದು ಗುಂಡುಕಲ್ಲನ್ನು ಬಟ್ಟೆ ಸುತ್ತಿ ಹಾಕಿ ತೂಗುವ ಪದ್ಧತಿ ಉಂಟಲ್ಲ, ಆ ಕಲ್ಲನ್ನೇ ಹಾಕಿ, ಜೋಗುಳ ಹಾಡಿ, ಅದನ್ನೇ ತೂಗಿ, ಇನ್ನೂರು ಜನ ಉಂಡು ಹೋದರಂತೆ. ಗುಮಾಸ್ತ ಇದನ್ನೆಲ್ಲ ತಲೆ ತಗ್ಗಿಸಿ ಹೇಳಿದ. ನನಗೆ ನಗು ಬಂತು. ನಕ್ಕರೆ ಪಕ್ಕೆ ಚುಚ್ಚುತ್ತಿತ್ತು, ಆದರೂ ನಕ್ಕೆ. ಆ ಮನೆಗೆ ತಕ್ಕ ಮಗು ಆ ಕಲ್ಲೇ. ಅಳುವುದಿಲ್ಲ, ಹಾಲು ಕೇಳುವುದಿಲ್ಲ, ಅದರ ತಾಯಿಗೆ ಕಾಲು ಬಾಯುವುದಿಲ್ಲ. ಗುತ್ತಲದಾಕಿ ಹೋಳಿಗೆಯನ್ನು ವಾರ್ಡಿನ ಮಂದಿಗೆಲ್ಲ ಹಂಚಿದರು. ತಾವೂ ಎರಡು ತಿಂದರು. "ಹೋಳಿಗಿ ಏನು ತಪ್ಪು ಮಾಡೈತಿ?" ಅಂದರು.

ಆಮೇಲೆ ನೋಡಲು ಬರುವವರ ಸಾಲು. ದೂರದ ಅತ್ತೆಯರು, ಹತ್ತಿರದ ಚಿಕ್ಕಮ್ಮಂದಿರು, ಗಂಡನ ಶಾಲೆಯ ಮಾಸ್ತರರು. ಬಂದವರು ಮೊದಲು ನನ್ನ ಮುಖ ನೋಡಿ "ಅಯ್ಯ, ಎಷ್ಟು ಸೊರಗೀಯವ್ವಾ" ಅನ್ನುತ್ತಿದ್ದರು, ಆಮೇಲೆ ತಮಗೆ ಗೊತ್ತಿದ್ದ, ಹೀಗೆಯೇ ಆಗಿ ಸತ್ತ ಬಾಣಂತಿಯರ ಕಥೆ ಹೇಳುತ್ತಿದ್ದರು. ಕದರಮಂಡಲಗಿ ಆಂಜನೇಯನಿಗೆ ನನ್ನ ಹೆಸರಿನಲ್ಲಿ ಹರಕೆ ಹೊತ್ತವರೇ ಏಳು ಜನ. ಹೋಗಿ ತೀರಿಸುವವಳು ಮಾತ್ರ ನಾನು. ಒಬ್ಬಾಕೆ ಹೊರಡುವಾಗ ಕೂಸಿನ ಗಲ್ಲ ಹಿಂಡಿ, "ಗಂಡಾಗಿದ್ರ ಇಷ್ಟು ಕಾಡ್ತಿದ್ದಿಲ್ಲ," ಅಂದಳು. ನನಗೆ ಬೈಯಲು ಉಸಿರು ಸಾಲದು. ಗುತ್ತಲದಾಕಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತರು. "ಡಾಕ್ಟರು ಬ್ಯಾಡಂದಾರ" ಎಂದು ಎಲ್ಲರನ್ನೂ ತಿರುಗಿಸಿದರು. ಡಾಕ್ಟರು ಹಾಗೆ ಹೇಳಿರಲಿಲ್ಲ. ಮುಂದೆ ಕೇಳಿದಾಗ, "ಹೇಳಬೇಕಾಗಿತ್ತು, ಮರತೆ," ಅಂದರು ಆ ಸಿಡುಕ.

ಬಿಡುಗಡೆಯ ದಿನ ಎಲ್ಲಿಗೆ ಹೋಗುವುದೆಂಬ ಮಾತು ಬಂತು. ಅಣ್ಣ ಕಾರು ತಂದಿದ್ದ. ಗಂಡ ಅಣ್ಣನ ಮುಖ ನೋಡುತ್ತಿದ್ದ. "ನಾ ಅಕ್ಕನ ಮನೀಗೆ ಹೋಗತೇನಿ," ಅಂದೆ. ಯಾವ ಅಕ್ಕ ಎಂದು ಅಣ್ಣ ಕೇಳಿದ. ನಾನು ಗುತ್ತಲದಾಕಿಯ ಕಡೆ ಕೈ ತೋರಿಸಿದೆ.

ಎರಡು ಖೋಲಿಯ ಆ ಮನೆಯಲ್ಲಿ ಮೂರು ತಿಂಗಳಿದ್ದೆ. ಎಡಗಾಲಿಗೆ ಹಿಮ್ಮಡಿಯಿಂದ ತೊಡೆಯವರೆಗೆ ಬಿಗಿ ಪಟ್ಟಿ. ದಿನಕ್ಕೊಂದು ಗುಳಿಗೆ, ರಕ್ತ ತೆಳುವಾಗಿ ಇಡಲು. ಅದು ಹೆಚ್ಚಾದರೆ ಒಸಡಿನಲ್ಲಿ ರಕ್ತ, ಕಡಿಮೆಯಾದರೆ ಮತ್ತೆ ಹೆಪ್ಪು. ಹಾಗಾಗಿ ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಅದು ರಾಣೇಬೆನ್ನೂರಿನಲ್ಲಿ ಆಗುತ್ತಿರಲಿಲ್ಲ. ಅಗಡಿಯಾಕಿ ತನ್ನ ವಾರದ ರಜೆಯ ದಿನ ನನ್ನ ರಕ್ತದ ಸೀಸೆಯನ್ನು ಕೈಚೀಲದಲ್ಲಿಟ್ಟುಕೊಂಡು ದಾವಣಗೆರೆಗೆ ಹೋಗಿ, ಸಂಜೆ ಚೀಟಿ ತರುತ್ತಿದ್ದಳು. ಮೂರು ತಿಂಗಳು ಅವಳಿಗೆ ರಜೆಯೇ ಇರಲಿಲ್ಲ. ಆ ಗುಳಿಗೆಯ ಔಷಧವನ್ನೇ ಇಲಿ ಕೊಲ್ಲಲೂ ಬಳಸುತ್ತಾರೆಂದು ಡಾಕ್ಟರು ಒಮ್ಮೆ ಗಂಡನ ಮುಂದೆ ಹೇಳಿದ್ದರು. ಗಂಡ ಹೋಗಿ ಬ್ಯಾಡಗಿಯಲ್ಲಿ ಹೇಳಿದ. "ಗಂಡ ಬಿಟ್ಟಾಕಿ ನಮ್ಮ ಹುಡುಗಿಗೆ ಇಲಿಪಾಷಾಣ ತಿನ್ಸಾಕತ್ತಾಳ" ಎಂದು ದೊಡ್ಡವ್ವ ಓಣಿ ತುಂಬ ಸಾರಿದಳು. ಮೂರು ದಿನ ನನ್ನ ಸಾವನ್ನು ತಿಕ್ಕಿ ತಿಕ್ಕಿ ಮೇಲಕ್ಕೆ ಕಳಿಸಿದವಳು ಈಗ ವಿಷದ ಮಾತಾಡುತ್ತಿದ್ದಳು.

ನನ್ನ ಹೆದರಿಕೆ ದೊಡ್ಡದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಕಾಲು ನೆಲಕ್ಕೆ ಇಟ್ಟರೆ ಇನ್ನೊಂದು ತುಂಡು ಕಿತ್ತು ಬರುತ್ತದೆ ಎಂದು ಹಾಸಿಗೆ ಬಿಡಲೊಲ್ಲೆ. ಗುತ್ತಲದಾಕಿ ಕನಿಕರ ತೋರಿಸುವ ಹೆಂಗಸಲ್ಲ.

"ಏಳು."

"ನಾಳೆ ಏಳತೇನಿ ಅಕ್ಕಾ."

"ಬಿದ್ಕೊಂಡs ಹಿಂಗಾಗಿದ್ದು. ಇನ್ನೂ ಬುದ್ಧಿ ಬಂದಿಲ್ಲೇನು? ಏಳು, ನೀರ ಕೊಡದ ತನಕ ಹೋಗಿ ಬಾ. ನೀ ಬಿದ್ರ ನಾ ಹಿಡಿಯಂಗಿಲ್ಲ, ಹೇಳಿರತೇನಿ."

ಹಿಡಿದರು. ಬೀಳುವ ಮೊದಲೇ ಹಿಡಿದಿದ್ದರು. ಕೊಡದವರೆಗೆ, ಮರುವಾರ ಬಾಗಿಲವರೆಗೆ, ತಿಂಗಳಿಗೆ ಓಣಿಯ ಹುಣಸೆಮರದವರೆಗೆ. ಬೆಳಗಿನ ಡ್ಯೂಟಿ ಮುಗಿಸಿ ಬಂದು ರೊಟ್ಟಿ ಬಡಿಯುತ್ತ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತ, ನನ್ನ ಹೆಜ್ಜೆ ಎಣಿಸುತ್ತ ಬೈಯುತ್ತಿದ್ದರು. ಹಡೆಯದ ಹೆಂಗಸಿನ ಮೊಣಕಾಲ ಮೇಲೆ ನನ್ನ ಮಗಳು ಅಳದೆ ಮಲಗುತ್ತಿದ್ದಳು.

ಒಂದು ಮಧ್ಯಾಹ್ನ, ಅವರು ಜೋಳ ಹಸನು ಮಾಡುತ್ತಿದ್ದಾಗ, ನಾನು ತಡೆಯಲಾರದೆ ಹೇಳಿದೆ. "ಅಕ್ಕಾ, ಕುಬಸಕ್ಕ ನಿಮ್ಮನ್ನ ಕರೀಲಿಲ್ಲ ನಾ. ಬೇಕಂತನs ಕರೀಲಿಲ್ಲ."

ಮೊರದಿಂದ ತಲೆ ಎತ್ತಲಿಲ್ಲ. "ಗೊತ್ತೈತಿ. ಅವತ್ತು ನಿನ್ನ ಡ್ಯೂಟಿ ಮಾಡಿದಾಕಿ ನಾನs ಅಲಾ."

"ಸಿಟ್ಟು ಬರಲಿಲ್ಲೇನು?"

"ಬಂದಿತ್ತು. ನಿನ್ನ ಮಾರಿ ನಾಲ್ಕು ದಿನ ನೋಡಲಿಲ್ಲ. ನಿನಗ ಅದೂ ತಿಳಿಲಿಲ್ಲ."

ನಿಜ. ತಿಳಿದಿರಲಿಲ್ಲ. ಅವರು ಮೊರ ಕೇರಿದರು. ಕಲ್ಲು ಒಂದು ಕಡೆ ಬಂತು, ಆರಿಸಿ ಒಗೆದರು.

ಗಂಡ ಪ್ರತಿ ಭಾನುವಾರ ಬರುತ್ತಿದ್ದ. ಮೊದಲ ವಾರ ಬಿಸ್ಕೀಟು ತಂದು ಕುರ್ಚಿ ಹುಡುಕಿದ. ಆ ಮನೆಯಲ್ಲಿ ಕುರ್ಚಿ ಇರಲಿಲ್ಲ. ಗುತ್ತಲದಾಕಿ ಕೂಸಿನ ಹೊಲಸು ಬಟ್ಟೆಯ ಬುಟ್ಟಿ ಅವನ ಮುಂದಿಟ್ಟು, "ಸರ್, ಬಚ್ಚಲಾ ಹಿಂದೈತ್ರಿ," ಅಂದರು. ಒಗೆದ. ಬಚ್ಚಲಿನ ಬಾಗಿಲು ಹಾಕಿಕೊಂಡು ಒಗೆದ, ಯಾರಾದರೂ ನೋಡಿಯಾರೆಂದು. ಎರಡನೆಯ ತಿಂಗಳಲ್ಲಿ ಬಾಗಿಲು ತೆರೆದು ಒಗೆಯತೊಡಗಿದ. ಅವನನ್ನು ಬಿಟ್ಟೆಯಾ ಎಂದು ಕೇಳುತ್ತಾರೆ. ಬಿಡಲಿಲ್ಲ. ಹಾವೇರಿಗೆ ಅವನ ಜೊತೆಗೇ ಮರಳಿದೆ, ಬಾಳ್ವೆ ಮಾಡಿದೆ. ಆದರೆ ನನ್ನ ಮೈಯ ವಿಷಯದಲ್ಲಿ ಅವನ ಮಾತನ್ನಾಗಲಿ ಮೌನವನ್ನಾಗಲಿ ಮತ್ತೆಂದೂ ಕೇಳಲಿಲ್ಲ.

ನಾನು ಕೆಲಸಕ್ಕೆ, ಲೈನು ಜೋಡಿಸುವ ಬೋರ್ಡಿಗೆ ಮರಳಿದಾಗ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನಾನು ಎದ್ದಾಗೆಲ್ಲ ಎಡಗಡೆಯ ಗುತ್ತಲದಾಕಿ ನನ್ನ ಲೈನುಗಳನ್ನೂ ಹಿಡಿದುಕೊಳ್ಳುತ್ತಿದ್ದರು. ಬ್ಯಾಡಗಿಯ ಆ ಆಪರೇಟರ್ ಮೊದಲ ದಿನ, "ಮೇಡಂ, ಉಸರು ಬರಾಕತ್ತೇತೇನ್ರಿ?" ಎಂದು ಕೇಳಿದ. ಬರುತ್ತಿದೆ ಅಂದೆ. "ಹಂಗಾದ್ರ ಮೂರು ಟ್ರಂಕ್ ಕಾಲ್ ಅದಾವ, ತಗೋರಿ," ಅಂದ.

ಎರಡು ವರ್ಷದ ಮೇಲೆ ಅಣ್ಣನ ಹೆಂಡತಿ ಹಡೆದಳು. ಅವಳ ತವರಿನಲ್ಲಿ ಅನುಕೂಲವಿಲ್ಲದೆ ಬಾಣಂತನ ಬ್ಯಾಡಗಿಯಲ್ಲಿಯೇ ನಡೆಯಿತು. ಮೂರನೆಯ ದಿನ ನಾನು ರಜೆ ಹಾಕಿ ಹೋದೆ. ಅದೇ ಖೋಲಿ, ಅದೇ ಗೋಣಿಚೀಲ. ಕಿತ್ತು ಒಗೆದೆ. ವೈನಿಯ ಕೈ ಹಿಡಿದು ಎಬ್ಬಿಸಿ ಅಂಗಳದಲ್ಲಿ ನಡೆಸಿದೆ. ದೊಡ್ಡವ್ವ ಪಡಸಾಲೆಯಲ್ಲಿ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದಳು, "ಈಕಿನ್ನ ಉಳಿಸಿದಾಕಿ ನಾನು. ಮೂರು ದಿನ ಎಣ್ಣಿ ಹಚ್ಚಿ ತಿಕ್ಕೇನಿ, ಅದಕ್ಕs ಕಾಲು ಉಳದೈತಿ. ಈಗ ನನಗs ಹೇಳಾಕ ಬಂದಾಳ." ವೈನಿ ಒಂದು ಸುತ್ತು ಮುಗಿಸಿ, ನಾನು ಹೇಳದೆಯೇ ಇನ್ನೊಂದು ಸುತ್ತು ಹೊರಟಳು.

ತೊಂಬತ್ತರ ದಶಕದಲ್ಲಿ ಡಯಲ್ ಮಾಡುವ ಫೋನುಗಳು ಬಂದವು, ನಮ್ಮ ಬೋರ್ಡು ಮುಚ್ಚಿತು, ನಮ್ಮನ್ನು ಬೇರೆ ಬೇರೆ ಮೇಜುಗಳಿಗೆ ಹಂಚಿದರು. ಅಗಡಿಯಾಕಿ ತಡವಾಗಿ ಮದುವೆಯಾಗಿ ಗದಗಿಗೆ ಹೋದಳು. ಆ ಸುಮಾರಿಗೇ ದೊಡ್ಡವ್ವ ತೀರಿಕೊಂಡಳು. ಹೋದೆ. ಹೆಣದ ಮುಂದೆ ಅತ್ತತ್ತು ಸುಸ್ತಾದವರು ನನ್ನ ಒಣಗಿದ ಕಣ್ಣು ನೋಡಿ, "ನಿನಗ ಜೀವ ಕೊಟ್ಟಾಕಿ," ಎಂದು ಹೇಳಿಕೊಟ್ಟರು. ಕಾಲು ಬಾಯತೊಡಗಿತ್ತು. ತುಂಬಾ ಹೊತ್ತು ನಿಂತರೆ ಈಗಲೂ ಬಾಯುತ್ತದೆ. ಮಣ್ಣಾಗುವವರೆಗೆ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದು ಬಂದು ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಗುತ್ತಲದಾಕಿ ಬಾಗಿಲು ತೆಗೆದು, "ಸ್ನಾನ ಮಾಡು ಹೋಗು, ಬಿಸಿನೀರ ಐತಿ. ರೊಟ್ಟಿ ಬಡೀತೇನಿ," ಅಂದರು.